ಹುಣಸೆ ಮರದ ಲೆಕ್ಕ

ಯಡೂರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಹುಣಸೆ ಮರವಿದೆ. ನನ್ನ ದಾದಾ ನೆಟ್ಟದ್ದು. ಯಾವ ವರ್ಷ ನೆಟ್ಟರೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ನನ್ನ ಅಬ್ಬಾ ಹುಡುಗರಾಗಿದ್ದಾಗಲೇ ಅದರ ಕೊಂಬೆಗೆ ಜೋಕಾಲಿ ಕಟ್ಟಿ ಆಡುತ್ತಿದ್ದರಂತೆ. ಕೃಷ್ಣಾ ನದಿ ಅಲ್ಲಿಂದ ದೂರವಿಲ್ಲ. ಮೃಗಶಿರಾ ಮಳೆ ಬಿದ್ದು ಹೊಲಗಳಲ್ಲಿ ನೀರು ನಿಲ್ಲತೊಡಗಿದಂತೆ ಬೆಳ್ಳಕ್ಕಿಗಳು ಬಂದು ಆ ಮರದಲ್ಲಿ ಗೂಡು ಕಟ್ಟುತ್ತವೆ. ನಾಲ್ಕು ತಿಂಗಳು ಮರ ಬಿಳಿ ಹೂ ಬಿಟ್ಟಂತೆ ಕಾಣುತ್ತದೆ.

ದೂರದಿಂದ ನೋಡುವವರಿಗೆ ಅದು ಚೆಲುವು. ಕೆಳಗೆ ವಾಸಿಸುವವರಿಗೆ ಅದು ಬೇರೆಯೇ ಅನುಭವ. ಹಿಕ್ಕೆ ಬಿದ್ದು ಅಂಗಳ ಸುಣ್ಣ ಬಳಿದಂತಾಗುತ್ತದೆ. ಒಣಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕು. ನಮಾಝಿಗೆಂದು ಎತ್ತಿಟ್ಟ ಬಿಳಿ ಜುಬ್ಬಾದ ಮೇಲೂ ಅವು ಕರುಣೆ ತೋರಿಸುವುದಿಲ್ಲ. ಮರಿಗಳಿಗೆ ತಂದ ಕಪ್ಪೆ, ಮೀನು ಜಾರಿ ಬಿದ್ದು ಕೊಳೆತು ನಾರುತ್ತದೆ. ಇದರ ಜೊತೆಗೆ ನಮಗೆ ಇನ್ನೊಂದು ಕೋಣೆಯ ಅಗತ್ಯವೂ ಇತ್ತು. ಮಕ್ಕಳು ಬೆಳೆಯುತ್ತಿದ್ದರು. ಕೋಣೆ ಕಟ್ಟಲು ಜಾಗವಿದ್ದದ್ದು ಹಿತ್ತಲಲ್ಲಿ ಮಾತ್ರ, ಅಲ್ಲಿ ನಿಂತಿದ್ದದ್ದು ಈ ಮರ.

ನಾನು ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು. ಲಾಭ ನಷ್ಟಗಳನ್ನು ಎರಡು ಸಾಲುಗಳಲ್ಲಿ ಬರೆದು ಕೂಡಿಸುವುದು ನನಗೆ ರೂಢಿ. ಮರದ ವಿಷಯದಲ್ಲಿಯೂ ಹಾಗೆಯೇ ಕೂಡಿಸಿದೆ. ಮಾರ್ಚ್ ತಿಂಗಳಲ್ಲಿ ಒಬ್ಬ ಕಟ್ಟಿಗೆ ವ್ಯಾಪಾರಿಯನ್ನು ಕರೆಸಿದೆ. ಅವನು ಮರದ ಸುತ್ತಳತೆಯನ್ನು ಮೊಳದಲ್ಲಿ ಅಳೆದು, ಬೆಲೆ ಹೇಳಿ, ಐದು ಸಾವಿರ ರೂಪಾಯಿ ಮುಂಗಡ ಕೊಟ್ಟು ಹೋದ. ಮಳೆಗಾಲಕ್ಕೆ ಮುಂಚೆ, ಹಕ್ಕಿಗಳು ಬರುವ ಮೊದಲೇ, ಮೇ ತಿಂಗಳಲ್ಲಿ ಕಡಿಯುವುದೆಂದು ಮಾತಾಯಿತು. ಗೂಡಿಲ್ಲದ ಸಮಯದಲ್ಲಿ ಕಡಿಸುತ್ತಿದ್ದೇನೆ, ಒಂದು ಮೊಟ್ಟೆಯೂ ಒಡೆಯುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮ್ಮಿ ಮಾತ್ರ ಏನೂ ಹೇಳಲಿಲ್ಲ. ಅವರ ಮೌನವನ್ನು ನಾನು ಒಪ್ಪಿಗೆಯೆಂದು ಬರೆದುಕೊಂಡೆ.

ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಕ್ಕಿತು. ನನ್ನ ತಂಗಿಯ ಗಂಡ ಮದ್ದೂರಿನಲ್ಲಿ ಶಿಕ್ಷಕರು. ಬಹಳ ದಿನಗಳಿಂದ ಕರೆಯುತ್ತಿದ್ದರು. ರಾಯಬಾಗದಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ, ಅಲ್ಲಿಂದ ಮೈಸೂರು ಕಡೆಯ ರೈಲಿನಲ್ಲಿ ಮದ್ದೂರಿಗೆ ತಲುಪಿದೆವು. ಮರುದಿನ ಬೆಳಿಗ್ಗೆ ಭಾವ, "ಮಕ್ಕಳಿಗೆ ಕೊಕ್ಕರೆ ಬೆಳ್ಳೂರು ತೋರಿಸೋಣ. ಇಲ್ಲಿಂದ ಬಹಳ ದೂರವಿಲ್ಲ," ಎಂದರು. ನಾವು ಏಳು ಜನ ಒಂದು ಗಾಡಿಯಲ್ಲಿ ಹೊರಟೆವು. ಬೆಂಗಳೂರು-ಮೈಸೂರು ರಸ್ತೆಯ ರುದ್ರಾಕ್ಷಿಪುರದ ಬಳಿ ತಿರುಗಿ, ಕಬ್ಬು, ಹಿಪ್ಪುನೇರಳೆ ತೋಟಗಳ ನಡುವೆ ಸುಮಾರು 12 ಕಿಲೋಮೀಟರ್ ಸಾಗಿದರೆ ಆ ಊರು.

ಏಳು ವರ್ಷದ ಮಗ ಇಳಿದೊಡನೆ ಕೇಳಿದ: "ಅಬ್ಬಾ, ಟಿಕೆಟ್ ಎಲ್ಲಿ ಕೊಡುತ್ತಾರೆ? ಪಂಜರ ಎಲ್ಲಿದೆ?"

ಅವನ ಪ್ರಶ್ನೆ ಸಹಜವಾಗಿತ್ತು. ಬೆಳಗಾವಿಯ ಬಳಿಯ ಭೂತರಾಮನಹಟ್ಟಿಯ ಪ್ರಾಣಿಸಂಗ್ರಹಾಲಯವನ್ನು ಅವನು ನೋಡಿದ್ದ. ಪ್ರಾಣಿ ಪಕ್ಷಿಗಳನ್ನು ನೋಡುವುದೆಂದರೆ ಬೇಲಿಯ ಈಚೆಗೆ ನಿಂತು ನೋಡುವುದೆಂದೇ ಅವನು ತಿಳಿದಿದ್ದ. ಇಲ್ಲಿ ಬೇಲಿಯಿರಲಿಲ್ಲ. ಅದೊಂದು ಸಾಮಾನ್ಯ ಹಳ್ಳಿ. ಹೆಂಚಿನ ಮನೆಗಳು, ಕೊಟ್ಟಿಗೆಗಳು, ಹುಲ್ಲಿನ ಬಣವೆಗಳು, ನಲ್ಲಿಯ ಬಳಿ ಕೊಡ ಹಿಡಿದ ಹೆಂಗಸರು. ತಲೆಯೆತ್ತಿದರೆ ಮನೆಗಳ ನಡುವಿನ ಹುಣಸೆ, ಅರಳಿ, ಅತ್ತಿ ಮರಗಳ ತುದಿಯಲ್ಲೆಲ್ಲ ಗೂಡುಗಳು. ಗೂಡುಗಳಲ್ಲಿ ಕುರಿಮರಿಯಷ್ಟು ದೊಡ್ಡ ಹಕ್ಕಿಗಳು! ಬೂದು ಬಣ್ಣದ ಹೆಜ್ಜಾರ್ಲೆಗಳು, ಹಳದಿ ಕೊಕ್ಕಿನ, ಬಾಲದ ಬಳಿ ಗುಲಾಬಿ ಗರಿಗಳ ಬಣ್ಣದ ಕೊಕ್ಕರೆಗಳು. ಒಂದು ಹೆಜ್ಜಾರ್ಲೆ ಕೆರೆಯ ಕಡೆಯಿಂದ ಹಾರಿ ಬಂದು ಗೂಡಿನಲ್ಲಿ ಇಳಿಯಿತು. ಮರಿ ತನ್ನ ತಲೆಯನ್ನೇ ತಾಯಿಯ ಗಂಟಲಿನ ಚೀಲದೊಳಗೆ ತೂರಿಸಿ ಮೀನು ತಿನ್ನತೊಡಗಿತು. ಮಕ್ಕಳು ಮಾತು ಮರೆತು ನಿಂತರು.

ಆ ಗಳಿಗೆಯಲ್ಲಿಯೇ ನನ್ನ ಅಂಗಿಯ ಹೆಗಲಿನ ಮೇಲೆ ಮರದಿಂದ 'ಸ್ವಾಗತ' ಬಿತ್ತು. ಮಕ್ಕಳು ನಕ್ಕರು. ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ವೃದ್ಧೆಯೊಬ್ಬರು ಎದ್ದು ಚೊಂಬಿನಲ್ಲಿ ನೀರು ತಂದುಕೊಟ್ಟರು. ಆ ಮರ ಅವರದೇ ಎಂದು ತಿಳಿಯಿತು. ಅಂಗಿ ತೊಳೆಯುತ್ತ ನಾನು ಕೇಳಿದೆ: "ಅಮ್ಮಾ, ವರ್ಷದಲ್ಲಿ ಆರೇಳು ತಿಂಗಳು ಈ ವಾಸನೆ, ಈ ಗಲೀಜು ಹೇಗೆ ಸಹಿಸುತ್ತೀರಿ?"

"ಮನೇಲಿ ಬಾಣಂತಿ ಇದ್ರೆ, ಕೂಸು ಇದ್ರೆ ವಾಸ್ನೆ ಇರಾಕಿಲ್ವಾ ಸ್ವಾಮಿ?" ಎಂದರು ಅವರು. "ಇವು ನಮ್ಮ ಹೆಣ್ಮಕ್ಳು. ಹೆರಿಗೆಗೆ ಅಂತ ತವರಿಗೆ ಬಂದವೆ. ಹೋಗಿ ಅನ್ನಾಕಾಯ್ತದಾ?"

ನನ್ನ ತಂಗಿ ಥಟ್ಟನೆ ನನ್ನ ಕಡೆ ನೋಡಿದಳು. ಮರ ಮಾರಿದ ಸಂಗತಿ ಹಿಂದಿನ ರಾತ್ರಿ ಅವಳಿಗೆ ತಿಳಿದಿತ್ತು. ಅವಳ ನೋಟದಲ್ಲಿ ಇನ್ನೊಂದು ನೆನಪೂ ಇತ್ತು. 2019ರ ಆಗಸ್ಟ್‌ನಲ್ಲಿ ಅವಳು ಚೊಚ್ಚಲ ಹೆರಿಗೆಗೆಂದು ಯಡೂರಿಗೆ ಬಂದಿದ್ದಳು. ಆ ವರ್ಷ ಕೃಷ್ಣೆ ಉಕ್ಕಿದ ಬಗೆಯನ್ನು ನಮ್ಮ ಭಾಗದವರು ಮರೆಯಲಾರರು. ಕಲ್ಲೋಳ-ಯಡೂರು ಸೇತುವೆ ಮಳೆಗಾಲದಲ್ಲಿ ಮುಳುಗುವುದು ನಮಗೆ ಹೊಸತಲ್ಲ, ಆದರೆ ಆ ಸಲ ನೀರು ಊರೊಳಗೇ ಬಂತು. ತುಂಬು ಗರ್ಭಿಣಿಯಾದ ತಂಗಿಯನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಚಿಕ್ಕೋಡಿಯ ಬಂಧುಗಳ ಮನೆಗೆ ಸಾಗಿಸಿದೆವು. ಹೆರಿಗೆ ಅಲ್ಲಿಯೇ ಆಯಿತು. ತವರಿಗೆ ಬಂದರೂ ತವರಿನ ಸೂರು ಸಿಗಲಿಲ್ಲವಲ್ಲ ಎಂದು ಅಮ್ಮಿ ಎಷ್ಟೋ ದಿನ ಕೊರಗಿದರು. ನೀರು ಇಳಿದ ಮೇಲೆ ಬಂದು ನೋಡಿದರೆ ಹಿತ್ತಲಿನ ಗೋಡೆ ಕುಸಿದಿತ್ತು. ಹುಣಸೆ ಮರ ನಿಂತಿತ್ತು. ಅದರ ಮೇಲೆ ಬೆಳ್ಳಕ್ಕಿಯ ಮರಿಗಳು ಎಂದಿನಂತೆ ಕಿರುಚುತ್ತಿದ್ದವು.

ವೃದ್ಧೆ ಮಾತು ಮುಂದುವರಿಸಿದರು. ಬೆಳ್ಳೂರಿನಲ್ಲಿ ಹುಣಸೆ ಬಲಿಯುವ ಕಾಲವೂ ಮರಿಗಳು ಬೆಳೆಯುವ ಕಾಲವೂ ಒಂದೇ. ಹಣ್ಣು ಉದುರಿಸಲು ಮರ ಹತ್ತಿ ಕೊಂಬೆ ಬಡಿದರೆ ಗೂಡು ಉಳಿಯುವುದಿಲ್ಲ. ಆದ್ದರಿಂದ ಗೂಡಿರುವ ಮರಗಳ ಹಣ್ಣನ್ನು ಅವರು ಬಿಟ್ಟುಬಿಡುತ್ತಾರೆ. ಅದಕ್ಕೆ ಪರಿಹಾರ ಸಿಗುತ್ತದೆಯೇ ಎಂದು ಭಾವ ಕೇಳಿದರು. "ಬತ್ತದೆ. ಹಣ್ಣು ಮಾರ್ದಂಗೆ ಆಗಾಕಿಲ್ಲ," ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬಳಿಕ ಮರದ ಬುಡದಲ್ಲಿದ್ದ ಗುಂಡಿಯನ್ನು ತೋರಿಸಿದರು. ಕೆರೆಯ ಗೋಡು ತಂದು ಅಲ್ಲಿ ಹರಡುತ್ತಾರೆ. ತಿಂಗಳುಗಟ್ಟಲೆ ಹಿಕ್ಕೆ ಬಿದ್ದು ಅದು ಸತ್ವವುಳ್ಳ ಗೊಬ್ಬರವಾಗುತ್ತದೆ. "ಎಲ್ರೂ ಹಣ್ಣಿನ ಲೆಕ್ಕ ಕೇಳ್ತಾರೆ. ಗೊಬ್ಬರದ ಲೆಕ್ಕ ಯಾರೂ ಕೇಳಾಕಿಲ್ಲ," ಎಂದು ನಕ್ಕರು. ಲೆಕ್ಕ ಬರೆಯುವವನಾದ ನನಗೆ ಆ ಮಾತು ನಾಟಿತು.

ಈ ಊರಿನ ಕಥೆಯನ್ನು ಭಾವ ದಾರಿಯಲ್ಲಿ ಹೇಳಿದ್ದರು. ಪ್ಲೇಗ್ ಬಂದ ಕಾಲದಲ್ಲಿ ಹಿರಿಯರು ಶಿಂಷಾ ನದಿಯ ದಂಡೆಯ ಹಳೆಯ ಊರನ್ನು ತೊರೆದು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರನ್ನು ಹಿಂಬಾಲಿಸಿ ಬಂದವೆಂದು ಊರವರು ನಂಬುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಗೂಡುತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಪ್ರೇಮಿಗಳ ಒತ್ತಾಸೆಯಿಂದ ಊರಿನ ಯುವಕರೇ ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಆವರಣವೊಂದರಲ್ಲಿ ಮೀನು ತಿನ್ನಿಸಿ, ಹಾರುವಷ್ಟು ಬೆಳೆಸಿ ಬಿಡುವ ಕೆಲಸವನ್ನು ಅವರು ಕೈಗೆತ್ತಿಕೊಂಡರು. 2007ರಲ್ಲಿ ಸರ್ಕಾರ ಈ ಊರನ್ನು 'ಸಮುದಾಯ ಮೀಸಲು ಪ್ರದೇಶ'ವೆಂದು ಘೋಷಿಸಿತು. ಅಭಯಾರಣ್ಯವಾಗಿದ್ದರೆ ಜನರನ್ನು ಹೊರಗಿಡುವ ನಿಯಮಗಳು ಬರುತ್ತಿದ್ದವು. ಸಮುದಾಯ ಮೀಸಲು ಹಾಗಲ್ಲ. ಜಮೀನು ಜನರ ಬಳಿಯೇ ಉಳಿಯುತ್ತದೆ, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯಿಂದ ನಾಮಕರಣಗೊಂಡ ಊರವರಿಗೇ ಹೆಚ್ಚು ಸ್ಥಾನ.

ಹಾಗೆಂದು ಅಲ್ಲಿ ಎಲ್ಲವೂ ನೆಮ್ಮದಿಯಾಗಿದೆಯೆಂದು ತಿಳಿಯಬಾರದು. ಹಳೆಯ ಮರಗಳು ಕಡಿಮೆಯಾಗಿವೆ. ಮಳೆ ಕೈಕೊಟ್ಟು ಸುತ್ತಲಿನ ಕೆರೆಗಳು ಬತ್ತಿದ ವರ್ಷ ಹಕ್ಕಿಗಳ ಸಂಖ್ಯೆಯೂ ಇಳಿಯುತ್ತದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ನೆಲಕ್ಕುರುಳಿ ಸತ್ತವು. ಪರೀಕ್ಷಿಸಿದಾಗ ಅವುಗಳ ಕರುಳಿನಲ್ಲಿ ಜಂತುಹುಳುಗಳು ಕಂಡುಬಂದವು. "ಮನೆ ಮಗಳು ಸತ್ತಂಗಾಯ್ತು," ಎಂದು ಆ ದಿನಗಳನ್ನು ನೆನೆದು ವೃದ್ಧೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದೆ ಒಂದು ಮರದ ಕೆಳಗೆ ಬಿದ್ದಿದ್ದ ಹೆಜ್ಜಾರ್ಲೆಯ ಮರಿಯನ್ನು ಯುವಕನೊಬ್ಬ ಎರಡೂ ಕೈಗಳಿಂದ ಎತ್ತಿ ಒಯ್ಯುತ್ತಿದ್ದ. ಅದರ ಮೈಮೇಲೆ ಇನ್ನೂ ಪೂರ್ತಿ ಗರಿ ಮೂಡಿರಲಿಲ್ಲ. ನನ್ನ ಹನ್ನೊಂದು ವರ್ಷದ ಮಗಳು ಅವನ ಹಿಂದೆಯೇ ಒಂದಷ್ಟು ದೂರ ನಡೆದು ಹೋದಳು. ಮರಳಿ ಬಂದು ನನ್ನ ಪಕ್ಕ ನಿಂತು, ಬಹಳ ಮೆಲ್ಲಗೆ ಕೇಳಿದಳು:

"ಅಬ್ಬಾ, ಜೂನ್‌ನಲ್ಲಿ ನಮ್ಮ ಬೆಳ್ಳಕ್ಕಿಗಳು ಬರುತ್ತವಲ್ಲ, ಮರ ಇಲ್ಲದಿದ್ದರೆ ಅವು ಎಲ್ಲಿಗೆ ಹೋಗುತ್ತವೆ?"

ಬೇರೆ ಮರ ಹುಡುಕಿಕೊಳ್ಳುತ್ತವೆ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನಮ್ಮೂರಿನ ಬೇರೆ ದೊಡ್ಡ ಮರಗಳನ್ನು ಮನಸ್ಸಿನಲ್ಲಿ ಎಣಿಸಿದೆ. ಹೊಳೆಯ ದಂಡೆಯವರೆಗೂ ಕಬ್ಬು. ರಸ್ತೆ ಬದಿಯ ಆಲದ ಮರಗಳು ರಸ್ತೆ ಅಗಲವಾದಾಗ ಹೋದವು. ಉಳಿದವರೆಲ್ಲರೂ ನನ್ನಂತೆಯೇ ಲೆಕ್ಕ ಹಾಕಿದ್ದರು. ಆ ಉತ್ತರವನ್ನು ಹೇಳಲು ನನಗೆ ನಾಲಿಗೆ ಬರಲಿಲ್ಲ.

ಮದ್ದೂರಿಗೆ ಮರಳಿ ಲುಹರ್ ನಮಾಝ್ ನಿರ್ವಹಿಸಿ ಕುಳಿತಾಗ, ಎಷ್ಟೋ ಬಾರಿ ಕೇಳಿದ್ದ ಒಂದು ಹದೀಸ್ ಅಂದು ಮೊದಲ ಬಾರಿ ಕೇಳಿದಂತೆ ನೆನಪಾಯಿತು. ಅದನ್ನು ಅನಸ್(ರ) ವರದಿ ಮಾಡಿದ್ದಾರೆ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮುಸ್ಲಿಮನೊಬ್ಬನು ಗಿಡ ನೆಟ್ಟರೆ ಅಥವಾ ಬಿತ್ತಿ ಬೆಳೆದರೆ, ಅದರಿಂದ ಹಕ್ಕಿಯಾಗಲಿ ಮನುಷ್ಯನಾಗಲಿ ಪ್ರಾಣಿಯಾಗಲಿ ತಿಂದದ್ದು ಅವನ ಪಾಲಿಗೆ ದಾನವಾಗುತ್ತದೆ ಎಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದಾರೆ. ಆ ಮಾತಿನಲ್ಲಿ ಹಕ್ಕಿಯ ಹೆಸರೂ ಇದೆ ಎಂಬುದನ್ನು ನಾನು ಎಂದೂ ಗಮನಿಸಿರಲಿಲ್ಲ. ಹಕ್ಕಿ ತಿಂದದ್ದೇ ದಾನವಾದರೆ, ಹಕ್ಕಿಗೆ ಸಂಸಾರ ಹೂಡಲು ಕೊಂಬೆ ಕೊಟ್ಟದ್ದು ವ್ಯರ್ಥವಾದೀತೇ? ನನ್ನ ದಾದಾ ಮಣ್ಣು ಸೇರಿ ದಶಕಗಳು ಕಳೆದಿವೆ. ಅವರ ಹೆಸರಿನಲ್ಲಿ ನಾವು ಪ್ರತಿ ವರ್ಷ ಅನ್ನದಾನ ಮಾಡುತ್ತೇವೆ, ದುಆ ಮಾಡುತ್ತೇವೆ. ಆದರೆ ಅವರೇ ನೆಟ್ಟು ಹೋದ ಮರ ಪ್ರತಿ ಮಳೆಗಾಲ ಅವರ ಹೆಸರಿಗೆ ಜಮೆಯಾಗುತ್ತಿರಬಹುದಾದ ಒಂದು ಖಾತೆಯಾಗಿ ನಿಂತಿದೆ. ಅದನ್ನು ಐದು ಸಾವಿರ ಮುಂಗಡ ಪಡೆದು ಮುಚ್ಚಲು ಹೊರಟವನು ನಾನು.

ಅಲ್ ಅನ್‌ಆಮ್ ಅಧ್ಯಾಯದ 38ನೆಯ ವಚನವೂ ನೆನಪಾಯಿತು. ಭೂಮಿಯಲ್ಲಿ ಚಲಿಸುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಎಂದು ಅಲ್ಲಾಹನು ಅಲ್ಲಿ ನಮಗೆ ತಿಳಿಸಿಕೊಡುತ್ತಾನೆ. ಸಮುದಾಯವೆಂದರೆ ಅದಕ್ಕೆ ಊರಿರುತ್ತದೆ, ಮನೆಯಿರುತ್ತದೆ, ಹೆತ್ತವರೂ ಮಕ್ಕಳೂ ಇರುತ್ತಾರೆ. ಪ್ರವಾದಿ(ಸ)ರ ಜೊತೆ ಪ್ರಯಾಣಿಸುತ್ತಿದ್ದ ಕೆಲವರು ಒಂದು ಚಿಕ್ಕ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ಬಂದು ರೆಕ್ಕೆ ಬಡಿಯತೊಡಗಿತು. ಅದರ ಸಂಕಟವನ್ನು ಕಂಡ ಪ್ರವಾದಿ(ಸ), ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಮರಳಿಸಲು ಆಜ್ಞಾಪಿಸಿದರು. ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿದ ಈ ಘಟನೆ ಅಬೂದಾವೂದ್ ಗ್ರಂಥದಲ್ಲಿದೆ. ಗೂಡಿಲ್ಲದ ಸಮಯ ನೋಡಿ ಮರ ಕಡಿಸುವ ನನ್ನ ಜಾಣತನ ಈ ಘಟನೆಯ ಮುಂದೆ ನಾಚಿಕೆಪಟ್ಟಿತು. ಹೊಟ್ಟೆಯಲ್ಲಿ ಮೊಟ್ಟೆ ಹೊತ್ತು ಹಾರಿ ಬರುವ ಹಕ್ಕಿಗೆ ಮರವೇ ಇಲ್ಲವಾದರೆ ಅದು ನೋವಲ್ಲವೇ?

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಕರುಣೆಯ ಮಾತು ಸುಲಭ, ಅದರ ವೆಚ್ಚವನ್ನು ಯಾರು ಹೊರಬೇಕೆಂಬುದು ಕಠಿಣ. ನಾವು ಪ್ರವಾಸಿಗರು ಬಂದು, ಹಕ್ಕಿಗಳನ್ನು ನೋಡಿ ಸಂತೋಷಪಟ್ಟು, ಸಂಜೆಗೆ ಮರಳುತ್ತೇವೆ. ಹುಣಸೆಹಣ್ಣು ಕಳೆದುಕೊಳ್ಳುವವರು ಆ ವೃದ್ಧೆಯಂಥವರು. ಇಸ್ಲಾಮೀ ಇತಿಹಾಸದಲ್ಲಿ 'ಹಿಮಾ' ಎಂಬ ಪದ್ಧತಿಯಿತ್ತು. ಸಮುದಾಯದ ಹಿತಕ್ಕಾಗಿ ಕಾಯ್ದಿರಿಸಿದ ಹುಲ್ಲುಗಾವಲು ಅದು. ಮದೀನಾದ ಸುತ್ತಲಿನ ಪ್ರದೇಶವನ್ನು ಪ್ರವಾದಿ(ಸ) ಪವಿತ್ರವೆಂದು ಘೋಷಿಸಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದ್ದರು. ಖಲೀಫಾ ಉಮರ್(ರ) ಹಿಮಾವೊಂದರ ಮೇಲ್ವಿಚಾರಣೆಗೆ ಹುನೈ ಎಂಬವರನ್ನು ನೇಮಿಸಿದಾಗ ಕೊಟ್ಟ ಸೂಚನೆಗಳು ಬುಖಾರಿಯಲ್ಲಿ ದಾಖಲಾಗಿವೆ. ಜನರೊಂದಿಗೆ ಮೃದುವಾಗಿ ವರ್ತಿಸಬೇಕು, ಮರ್ದಿತನ ಮೊರೆಗೆ ಅಂಜಬೇಕು, ಕೆಲವೇ ಒಂಟೆ ಕುರಿಗಳಿರುವ ಬಡವನನ್ನು ಒಳಗೆ ಬಿಡಬೇಕು, ಶ್ರೀಮಂತರ ಹಿಂಡುಗಳನ್ನು ತಡೆಯಬೇಕು ಎಂದು ಅವರು ಹೇಳಿದ್ದರು. ಶ್ರೀಮಂತನ ಜಾನುವಾರು ಸತ್ತರೆ ಅವನಿಗೆ ತೋಟಗಳಿವೆ, ಬಡವನದು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಬಾಗಿಲಿಗೆ ಬರುತ್ತಾನೆ ಎಂಬುದು ಅವರ ಕಾಳಜಿಯಾಗಿತ್ತು. ಕಾಯ್ದಿರಿಸುವುದೆಂದರೆ ಬಡವರನ್ನು ಹೊರಗಟ್ಟುವುದಲ್ಲ ಎಂಬ ತಿಳಿವಳಿಕೆ ಅಂದೇ ಇತ್ತು. ಕೊಕ್ಕರೆ ಬೆಳ್ಳೂರಿನ ಜನರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಆದರೆ ಅದರ ಅರ್ಥವನ್ನು ಅವರು ಬದುಕುತ್ತಿದ್ದಾರೆ. ನಾನು ಆ ಪದವನ್ನು ಓದಿ ಬಲ್ಲವನು, ಕೊಡಲಿಗೆ ಮುಂಗಡ ಪಡೆದವನು.

ಊರಿಗೆ ಮರಳಿದ ಮರುದಿನವೇ ಕಟ್ಟಿಗೆ ವ್ಯಾಪಾರಿಯ ಬಳಿ ಹೋಗಿ ಮುಂಗಡ ಮರಳಿಸಿದೆ. ಅವನು ಸಿಟ್ಟಾದ. ಮಾತು ಕೊಟ್ಟು ತಪ್ಪಬಾರದೆಂದ. ಅವನು ಹೇಳಿದ್ದು ನಿಜ. ಕರಾರು ಪಾಲಿಸುವುದು ವಿಶ್ವಾಸಿಯ ಕರ್ತವ್ಯ. ಆಳುಗಳಿಗೂ ಗಾಡಿಗೂ ಅವನು ಮೊದಲೇ ಹೇಳಿಟ್ಟಿದ್ದರಿಂದ ಆದ ನಷ್ಟ ಎಷ್ಟೆಂದು ಕೇಳಿ, ಒಂದೂವರೆ ಸಾವಿರ ರೂಪಾಯಿ ಹೆಚ್ಚಿಗೆ ಕೊಟ್ಟು, ಕ್ಷಮೆ ಕೇಳಿದೆ. ಅವನು ಹಣ ಎಣಿಸಿಕೊಂಡು, "ಹಕ್ಕಿಗಾಗಿ ರೊಕ್ಕ ಕಳಕೊಳ್ಳೋರನ್ನ ಇವತ್ತೇ ನೋಡಿದ್ದು," ಎಂದು ತಲೆಯಾಡಿಸಿದ.

ಮನೆಗೆ ಬಂದು ಅಮ್ಮಿಗೆ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಬ್ಬಾ ಇದ್ದಿದ್ದರೆ ನೀನು ಅಳತೆ ಹಿಡಿದ ದಿನವೇ ಬೈಯುತ್ತಿದ್ದರು," ಎಂದರು. "ಹಾಗಾದರೆ ನೀವೇಕೆ ಏನೂ ಹೇಳಲಿಲ್ಲ?" ಎಂದು ಕೇಳಿದೆ. "ಮಕ್ಕಳಿಗೆ ಕೋಣೆ ಬೇಕು ಅಂದೆಯಲ್ಲ. ಅದಕ್ಕೆ ಎದುರಾಗಿ ನಾನು ಏನು ಹೇಳಲಿ?" ಎಂದರು ಅವರು. ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡದ್ದು ನನ್ನ ಲೆಕ್ಕದ ಮೊದಲ ತಪ್ಪಾಗಿತ್ತು.

ಕೋಣೆ ಇನ್ನೂ ಆಗಿಲ್ಲ. ಪಡಸಾಲೆಯಲ್ಲಿಯೇ ಒಂದು ಅಡ್ಡಗೋಡೆ ಎಬ್ಬಿಸಿ ಮಗಳಿಗೆ ಓದಲು ಜಾಗ ಮಾಡಿದ್ದೇವೆ. ಅದು ಇಕ್ಕಟ್ಟು. ಅವಳು ದೂರಿಲ್ಲ, ಆದರೆ ಅದು ಇಕ್ಕಟ್ಟೆಂಬುದು ನನಗೆ ಗೊತ್ತು. ಬಟ್ಟೆ ಒಣಹಾಕುವ ಕಡೆ ತಗಡು ಹೊದಿಸಿದೆವು. ಮರದ ಬುಡದಲ್ಲಿ ಒಂದು ಗುಂಡಿ ತೋಡಿ, ಹೊಳೆಯ ದಂಡೆಯ ಮಣ್ಣು ತಂದು ಹರಡಿದೆವು. ವಾಸನೆ ಈಗಲೂ ಇದೆ. ನೆರೆಯವರು ಈಗಲೂ ಗೊಣಗುತ್ತಾರೆ. ಅವರ ಗೊಣಗಾಟದಲ್ಲಿಯೂ ನ್ಯಾಯವಿದೆ. ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅವರ ಕಡೆಯ ಅಂಗಳವನ್ನೂ ನಾನೇ ತೊಳೆಯುತ್ತೇನೆ. ಹಕ್ಕಿಗಳನ್ನು ಇಟ್ಟುಕೊಂಡವನು ನಾನು. ಅದರ ಭಾರವನ್ನು ನೆರೆಯವರ ಮೇಲೆ ಹೊರಿಸುವುದು ಸರಿಯಲ್ಲ.

ಜೂನ್ ಎರಡನೆಯ ವಾರ ಮಳೆ ಬಂತು. ನಾಲ್ಕು ದಿನ ಕಳೆದು ಒಂದು ಬೆಳಿಗ್ಗೆ ಫಜ್ರ್ ಮುಗಿಸಿ ಮಸೀದಿಯಿಂದ ಬರುತ್ತಿದ್ದೆ. ಮಗಳು ಬಾಗಿಲಲ್ಲಿಯೇ ನಿಂತಿದ್ದಳು. ತುಟಿಯ ಮೇಲೆ ಬೆರಳಿಟ್ಟು ಹಿತ್ತಲಿಗೆ ಕರೆದುಕೊಂಡು ಹೋದಳು. ಮರದ ಮೇಲೆ ಎರಡು ಬೆಳ್ಳಕ್ಕಿಗಳು ಕುಳಿತಿದ್ದವು. ಒಂದರ ಕೊಕ್ಕಿನಲ್ಲಿ ಕಡ್ಡಿಯಿತ್ತು. ಹಿಂದೆಯೇ ಬಂದ ಅಮ್ಮಿ, "ಬಂದರೇನು?" ಎಂದು ಕೇಳಿದರು. ಮನೆಯ ಹೆಣ್ಣುಮಗಳು ಬಂದಳೇ ಎಂದು ಕೇಳುವ ಹಾಗೆಯೇ ಕೇಳಿದರು.

ಸಂಜೆ ಮದ್ದೂರಿಗೆ ಫೋನ್ ಮಾಡಿ ತಂಗಿಗೆ ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಬಳಿಕ, "ಮುಂದಿನ ತಿಂಗಳು ನಾನೂ ಬರುತ್ತೇನೆ ಭಾಯಿ," ಎಂದಳು.

ನಾವು ನೆಟ್ಟದ್ದನ್ನೂ, ನಮ್ಮ ಹಿರಿಯರು ನೆಟ್ಟು ನಮ್ಮ ಕೈಗೆ ಒಪ್ಪಿಸಿ ಹೋದದ್ದನ್ನೂ, ಅದರ ನೆರಳಿಗೆ ಬಂದವರ ಹಕ್ಕನ್ನೂ ಕಾಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.